ಚುಕ್ಕಿಗೆ ಮಾತು ಬಂತು

ಅಕ್ಟೋಬರ್ 14, ಮಂಗಳವಾರ. ಬೆಳಿಗ್ಗೆ 5.40

ಕಾಫಿ ಆಯಿತು. ನಮ್ಮವರು, ಶಶಿಧರ್, ಸೋಗಾನೆಗೆ ಹೊರಟರು — ಏರ್‌ಪೋರ್ಟಿನಲ್ಲಿ ಬೆಳಗಿನ ಡ್ಯೂಟಿ. ನನ್ನ ಮೆಡಿಕಲ್ ಶಾಪಿನ ಬಾಗಿಲು ತೆಗೆಯಲು ಇನ್ನೂ ಮೂರೂವರೆ ಗಂಟೆ. ಇಷ್ಟು ಹೊತ್ತು ಪೂರ್ತಿ ನನ್ನದು.

ಇವತ್ತಿಗೆ ವಿಂಡೋಸ್ ಟೆನ್ ಸಪೋರ್ಟ್ ಮುಗಿಯಿತು. ಎಲ್ಲ ಸುದ್ದಿಯಲ್ಲೂ ಅದೇ. ಚೆನ್ನಾಗಿ ಓಡುತ್ತಿರುವ ಕಂಪ್ಯೂಟರಿಗೆ ವಯಸ್ಸಾಯಿತು ಎಂದು ಎಲ್ಲೋ ಕೂತವರು ತೀರ್ಮಾನ ಮಾಡುತ್ತಾರೆ! ನಾನು ಓಪನ್ ಸೋರ್ಸ್ ಪಕ್ಷ ಸೇರಿದ್ದೇ ಇದಕ್ಕೆ. ಕೋಡ್ ಎಲ್ಲರೆದುರು ಬಿಚ್ಚಿಟ್ಟಿದ್ದರೆ ಯಾರು ಬೇಕಾದರೂ ರಿಪೇರಿ ಮಾಡಿಕೊಳ್ಳಬಹುದು. ಅಂಗಡಿಯ ಮುದಿ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ಆರು ವರ್ಷ. ಒಂದು ದಿನ ಕೈಕೊಟ್ಟಿಲ್ಲ. ಬ್ಲಾಗಿಗೆ ಬರೆಯಬೇಕು. ಓದುವವರು ನಲವತ್ತು ಜನ… ಇರಲಿ.

ಚುಕ್ಕಿ 1.0 ಬಿಡುಗಡೆಗೆ ಹದಿನೆಂಟು ದಿನ! ರಾಜ್ಯೋತ್ಸವದ ಬೆಳಿಗ್ಗೆಯೇ. ಮೂರು ವರ್ಷದ ಕೆಲಸ. ನಾವು ಚಿಕ್ಕವರಿದ್ದಾಗಿನ ಟಿವಿ ಗೇಮ್‌ಗಳನ್ನು ಈಗಿನ ಕಂಪ್ಯೂಟರಿನಲ್ಲಿ ಆಡಿಸುವ ಪ್ರೋಗ್ರಾಂ. ಇಂಥವು ನೂರಿವೆ. ಆದರೆ ಮೆನು, ಸೂಚನೆ ಎಲ್ಲ ಕನ್ನಡದಲ್ಲಿರುವುದು ನಾನು ಹುಡುಕಿದಷ್ಟರಲ್ಲಿ ಇನ್ನೊಂದಿಲ್ಲ. ಜೊತೆಗೆ ನಾನೇ ಬರೆದ ಒಂದು ಆಟ, ‘ಅಳಿಲು’ — ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತ ಹೋಗುವುದು. ಹಳೇ ಕಾಲದ ಚೌಕ ಚೌಕ ಚಿತ್ರ, ಹಳೇ ಕಾಲದ ಪಿಳ್ ಪಿಳ್ ಸದ್ದು.

ಅಕ್ಟೋಬರ್ 16, ಗುರುವಾರ. 6.15

ಯಾರೋ ಕೋಡ್ ಕಳಿಸಿದ್ದಾರೆ! ಹೊರಗಿನವರಿಂದ ಬಂದದ್ದು ಇದೇ ಮೊದಲು. ಹೆಸರು ‘ಬೋಲ್ಟು’. ಇದನ್ನು ಚುಕ್ಕಿಗೆ ಸೇರಿಸಿಕೊಳ್ಳಿ ಎಂದು ಕೇಳಿದ್ದಾರೆ. ಶಶಿಧರ್‌ಗೆ ಫೋನ್ ಮಾಡಿ ಹೇಳಿದೆ. “ಒಳ್ಳೇದಾಯ್ತಲ್ಲ ಮಾರಾಯ್ತಿ, ಇನ್ಮೇಲೆ ನಿನ್ನ ಕೆಲ್ಸ ಅರ್ಧ” ಎಂದರು.

6.50

ಓದಿದೆ. ಮೆನು ಮಾತಾಡಬೇಕಂತೆ! ಬಾಣದ ಗುಂಡಿ ಒತ್ತಿದಾಗೆಲ್ಲ ಕಂಪ್ಯೂಟರ್ ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳಬೇಕಂತೆ. ದಿನಾ ಟೆಕ್ ಸುದ್ದಿ ತೆಗೆದರೆ ಇದೇ ಗೋಳು. ಫ್ರಿಜ್ ಮಾತಾಡುತ್ತದೆ, ವಾಚ್ ಮಾತಾಡುತ್ತದೆ, ಕೇಳದಿದ್ದರೂ ಎಐ ಬಂದು ಸಲಹೆ ಕೊಡುತ್ತದೆ. ಹಳೇ ಆಟದ ಸೊಗಸು ಇರುವುದೇ ಅದು ತನ್ನ ಪಾಡಿಗಿರುವುದರಲ್ಲಿ. ಕೋಡ್ ಮಾತ್ರ ಬಲು ಶುದ್ಧ. ಯಾರೋ ಬೆಂಗಳೂರಿನ ಇಂಜಿನಿಯರಿಂಗ್ ಹುಡುಗ ಇರಬೇಕು, ಹೊಸ ಶೋಕಿ. ‘ಬೇಡ, ಧನ್ಯವಾದ’ ಎಂದು ಬರೆದೆ.

ಅಕ್ಟೋಬರ್ 17, ಶುಕ್ರವಾರ

ಬೋಲ್ಟು ಬಿಡುವ ಆಸಾಮಿ ಅಲ್ಲ. ‘ಪಟ್ಟಿಯಲ್ಲಿ ಯಾವ ಆಟದ ಮೇಲೆ ನಿಂತಿದೀನಿ ಅಂತ ಗೊತ್ತಾಗಲ್ಲ ಮೇಡಂ’ ಎಂದು ಬರೆದಿದ್ದಾರೆ. ಆಯ್ಕೆಯಾದ ಸಾಲು ಹಳದಿ ಬಣ್ಣಕ್ಕೆ ತಿರುಗುತ್ತದೆ. ಆ ಹಳದಿ ಆರಿಸಲು ನನಗೆ ಎರಡು ದಿನ ಹಿಡಿದಿತ್ತು! ಸಿಟ್ಟು ಬಂತು. ‘ಕಣ್ಣು ಬಿಟ್ಟು ನೋಡಿ, ಗೊತ್ತಾಗುತ್ತದೆ’ ಎಂದು ಬರೆದೆ.

ಐದು ನಿಮಿಷಕ್ಕೆ ಉತ್ತರ. ‘ಬಿಟ್ಟೇ ಇದೀನಿ ಮೇಡಂ.’

ಉಡಾಫೆ ನೋಡು. ಚುಕ್ಕಿಯ ಪುಟದಲ್ಲಿ ಆ ಚರ್ಚೆಯನ್ನೇ ಮುಚ್ಚಿದೆ.

ಅಕ್ಟೋಬರ್ 20, ಸೋಮವಾರ

ಹಬ್ಬದ ಎಣ್ಣೆಸ್ನಾನ, ಹೋಳಿಗೆ. ಕೋಡ್ ಮುಟ್ಟಿಲ್ಲ. ಬೋಲ್ಟು ಫೋರ್ಕ್ ಮಾಡಿಕೊಂಡಿದ್ದಾರೆ — ನನ್ನ ಕೋಡ್ ಪೂರ್ತಿ ನಕಲು ತೆಗೆದುಕೊಂಡು ಬೇರೆ ಒಲೆ ಹೂಡಿದ್ದಾರೆ. ಓಪನ್ ಸೋರ್ಸ್ ಎಂದ ಮೇಲೆ ಅದಕ್ಕೆ ಹಕ್ಕಿದೆ. ಬ್ಲಾಗಿನಲ್ಲಿ ಎಷ್ಟು ಸಲ ನಾನೇ ಬರೆದಿಲ್ಲ? ಆದರೂ ಹೊಟ್ಟೆ ಉರಿಯಿತು. ಹೋಗಿ ನೋಡಲೂ ಇಲ್ಲ.

ನವೆಂಬರ್ 1, ಶನಿವಾರ. 7.00

ಬಿಟ್ಟೆ! ಚುಕ್ಕಿ 1.0! ಬೆಳಿಗ್ಗೆ ಆರಕ್ಕೆ ಸರಿಯಾಗಿ!

ಸಂಜೆ 4.00

ಇಪ್ಪತ್ತಮೂರು ಜನ ಇಳಿಸಿಕೊಂಡಿದ್ದಾರೆ. ಇಪ್ಪತ್ತನಾಲ್ಕು. ಅಂಗಡಿಯಲ್ಲಿ ಶೇಷಮ್ಮನವರಿಗೆ ಬಿ.ಪಿ. ಮಾತ್ರೆ ಕೊಡುವಾಗಲೂ ಫೋನ್ ನೋಡುತ್ತಿದ್ದೆ. “ಏನಮ್ಮ, ಮಗಳಿಗೆ ಗಂಡು ಗೊತ್ತಾಯ್ತಾ?” ಎಂದರು. ನನಗೆಲ್ಲಿಯ ಮಗಳು ಅಜ್ಜಿ ಎಂದು ನಕ್ಕುಬಿಟ್ಟೆ. ಇಪ್ಪತ್ತೇಳು!

ನವೆಂಬರ್ 9, ಭಾನುವಾರ. 6.30

ಡೌನ್‌ಲೋಡ್ ಐವತ್ತೊಂದಕ್ಕೆ ನಿಂತಿದೆ. ಬೋಲ್ಟು ಅವರದಕ್ಕೆ ಎಷ್ಟಾಗಿದೆ ನೋಡೋಣ ಎಂದು ಮೊದಲ ಸಲ ಅವರ ಪುಟಕ್ಕೆ ಹೋದೆ. ಇನ್ನೂರ ಹನ್ನೆರಡು.

ಪುಟದ ಮೇಲೆ ನಾಲ್ಕೇ ಸಾಲು ಪರಿಚಯ. ಹಾಗೇ ಇಲ್ಲಿ ಇಳಿಸುತ್ತೇನೆ —

‘ನನಗೆ ಕಣ್ಣು ಕಾಣೋದಿಲ್ಲ. ಚುಕ್ಕಿ ತುಂಬ ಒಳ್ಳೇ ಪ್ರೋಗ್ರಾಂ. ಮೆನು ಓದಿ ಹೇಳೋ ಹಾಗೆ ಮಾಡಿಕೊಂಡಿದೀನಿ. ನನ್ನ ಹಾಗಿರೋರು ಬಳಸಿ.’

ನನ್ನ ಮೇಲೆ ಒಂದು ಮಾತಿಲ್ಲ.

ನವೆಂಬರ್ 10, ಸೋಮವಾರ

ಬರೆಯಲು ಆಗುತ್ತಿಲ್ಲ. ‘ಬಿಟ್ಟೇ ಇದೀನಿ ಮೇಡಂ.’ ಅದು ಉಡಾಫೆ ಆಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತೇನೆ, ಗ್ಲಕೋಮಾ ಡ್ರಾಪ್ಸ್ ದಿನಾ ಕೊಡುತ್ತೇನೆ. ಹೊಳೆಯಲೇ ಇಲ್ಲವಲ್ಲ.

ನವೆಂಬರ್ 13, ಗುರುವಾರ

‘ನಿಮ್ಮನ್ನು ನೋಡಿ ಮಾತಾಡಬೇಕು’ ಎಂದು ಸಂದೇಶ ಕಳಿಸಿದ್ದೆ. ಈಗ ಉತ್ತರ — ‘ನೋಡೋದು ನಿಮಗಾಗುತ್ತೆ, ಬನ್ನಿ. ಭದ್ರಾವತಿ ಹಳೇನಗರ. ಭೀಮೇಶ್ ಹಾರ್ಡ್‌ವೇರ್ ಅಂತ ಕೇಳಿ.’

ಭದ್ರಾವತಿ! ಬಸ್ಸಿನಲ್ಲಿ ಮುಕ್ಕಾಲು ಗಂಟೆ! ಬೆಂಗಳೂರಿನ ಹುಡುಗ ಎಂದುಕೊಂಡಿದ್ದೆನಲ್ಲ…

ನವೆಂಬರ್ 16, ಭಾನುವಾರ. ಸಂಜೆ 7.30

ಈಗ ತಾನೇ ಬಂದೆ. ಎಲ್ಲ ಬರೆಯಬೇಕು, ಒಂದೂ ಬಿಡದೆ.

ಮಧ್ಯಾಹ್ನ ಅಂಗಡಿ ಮುಚ್ಚಿ ಬಸ್ ಹತ್ತಿದೆ. ಮುಂದೆ ಹಾರ್ಡ್‌ವೇರ್ ಅಂಗಡಿ, ಹಿಂದೆ ಮನೆ. ಬೋಲ್ಟು ಎಂದರೆ ಈ ಭೀಮೇಶೇ. ಗಲ್ಲಾದಲ್ಲಿ ಅವರ ಹೆಂಡತಿ ಮೈತ್ರಿ. ಭೀಮೇಶ್‌ಗೆ ಮೂವತ್ತೆಂಟಿರಬಹುದು. ಒಬ್ಬ ತಮಿಳು ಮೇಸ್ತ್ರಿ ಕೈಯಲ್ಲೊಂದು ತುಕ್ಕು ಹಿಡಿದ ನಟ್ಟು ಹಿಡಿದು “ಅಣ್ಣೇ, ಇದುಕ್ಕೆ ಬೋಲ್ಟು ಇರ್‍ಕಾ?” ಎಂದು ನಿಂತಿದ್ದ. ಭೀಮೇಶ್ ಅದನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ “ಹನ್ನೆರಡು ಎಂಎಂ. ಮೂರನೇ ಖಾನೆ ಮೈತ್ರಿ” ಎಂದರು. ಆಮೇಲೆ ನನ್ನ ಕಡೆ ಮುಖ ಮಾಡಿ “ಶಿವಮೊಗ್ಗದ ಮೇಡಮ್ಮಾ? ಆಗ್ಲಿಂದ ಸುಮ್ನೆ ನಿಂತಿದೀರಿ. ಸಾಮಾನಿಗೆ ಬಂದೋರು ಇಷ್ಟು ಹೊತ್ತು ಸುಮ್ನಿರಲ್ಲ” ಎಂದರು.

ಬಸ್ಸಿನುದ್ದಕ್ಕೂ ಕಟ್ಟಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. “ನನ್ನಿಂದ ತಪ್ಪಾಯ್ತು” ಎಂದಷ್ಟೇ ಬಾಯಿಗೆ ಬಂತು.

“ಕೂತ್ಕೊಳ್ಳಿ, ಕಾಫಿ ಕುಡೀರಿ” ಎಂದರು ಮೈತ್ರಿ. “ಇವ್ರೂ ಏನು ಕಡಿಮೆ ಇಲ್ಲ. ಕಣ್ಣು ಕಾಣಲ್ಲ ಅಂತ ಮೊದಲೇ ಬರೀರಿ ಅಂತ ಬಡ್ಕೊಂಡೆ. ಕೇಳ್ಬೇಕಲ್ಲ.”

“ಯಾಕೆ ಬರೀಲಿಲ್ಲ?” ಎಂದೆ.

“ಬರೆದ್ರೆ ಪಾಪ ಅಂತ ಸೇರಿಸ್ಕೋತೀರಿ. ಕೋಡ್ ಚೆನ್ನಾಗಿದೆ ಅಂತ ಸೇರಿಸ್ಕೋಬೇಕಿತ್ತು ನಂಗೆ.”

ಹದಿನೇಳನೇ ವಯಸ್ಸಿಗೆ ದೃಷ್ಟಿ ಕಡಿಮೆಯಾಗತೊಡಗಿತಂತೆ — ರೆಟಿನಾ ಕಾಯಿಲೆ. ಅಷ್ಟರೊಳಗೆ ಟಿವಿ ಗೇಮ್ ಆಡಿ ಆಡಿ ಒಂದೊಂದು ಆಟದ ಸದ್ದೂ ಬಾಯಿಪಾಠ. ಈಗ ಅಳಿಲು ಆಡಿ ತೋರಿಸಿದರು. ನಾನು ಬರೆದ ಆಟ! ನಾನೇ ಆರನೇ ಹಂತ ದಾಟಿಲ್ಲ. ಭೀಮೇಶ್ ಪರದೆಯೇ ಇಲ್ಲದೆ ಒಂಬತ್ತನೆಯದಕ್ಕೆ ಹೋದರು. ಜಿಗಿದ ಸದ್ದು, ಇಳಿದ ಸದ್ದು, ನಡುವೆ ಬೆರಳಲ್ಲಿ ಎಣಿಕೆ. ನಾನು ಕುರ್ಚಿಯ ತುದಿಯಲ್ಲಿ ಕೂತು “ಅಯ್ಯೋ, ಈಗ! ಈಗ!” ಎಂದು ಕೂಗುತ್ತಿದ್ದೆ. “ಮೇಡಂ, ನೀವು ಕೂಗಿದ್ರೆ ನಂಗೆ ಕೊಂಬೆ ಕೇಳಿಸಲ್ಲ” ಎಂದು ಬೈಸಿಕೊಂಡೆ.

ಹೇಗೆ ಸಾಧ್ಯ ಎಂದು ಕೇಳಿದೆ. “ನೀವೇ ಇಟ್ಟಿದೀರಲ್ಲ! ಮುರಿಯೋ ಕೊಂಬೆ ಮೇಲೆ ಇಳಿದಾಗ ಸದ್ದು ಸ್ವಲ್ಪ ತಗ್ಗು. ಗಟ್ಟಿ ಕೊಂಬೆಗೆ ಏರು. ಅದು ಕೇಳಿದ್ಮೇಲೇ ನಾನು ಕೋಡ್ ಬರೆಯೋಕೆ ಕೂತಿದ್ದು. ಯಾರೋ ಪುಣ್ಯಾತ್ಗಿತ್ತಿ ನಮ್ಮಂಥೋರನ್ನೂ ನೆನೆಸ್ಕೊಂಡು ಬರೆದಿದಾರೆ ಅನ್ನಿಸ್ತು.”

ನಾನು ಹಾಗೆ ಬರೆದಿರಲಿಲ್ಲ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಕೋಡ್ ನೋಡಿದೆ. ಒಂದು ಕಡೆ ಸಂಖ್ಯೆ ತಪ್ಪಾಗಿ ಹಾಕಿದ್ದೇನೆ, ಅದಕ್ಕೆ ಸದ್ದು ತಗ್ಗಿದೆ. ಬರೀ ಕೈತಪ್ಪು. ಮೂರು ವರ್ಷದಲ್ಲಿ ನನ್ನ ಕಿವಿಗೇ ಬಿದ್ದಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಅದು ಬಗ್ ಭೀಮೇಶ್” ಎಂದೆ.

ಮೇಜು ತಟ್ಟಿಕೊಂಡು ನಕ್ಕರು ನೋಡು — ಮೈತ್ರಿ ಒಳಗಿಂದ ಓಡಿ ಬಂದರು.

ಹೊರಡುವಾಗ, ‘ಕಣ್ಣು ಬಿಟ್ಟು ನೋಡಿ’ ಎಂದ ಆ ಕೆಟ್ಟ ಮಾತನ್ನು ಇವತ್ತೇ ಅಳಿಸಿಬಿಡುತ್ತೇನೆ ಎಂದೆ.

“ಬೇಡ. ಅದನ್ನ ಅಳಿಸಿದ್ರೆ ನನ್ನ ಉತ್ತರ ಒಂದೇ ಅಲ್ಲಿ ನಿಂತಿರುತ್ತೆ, ತಲೆ ಕೆಟ್ಟೋನ ಥರ. ಇರ್ಲಿ. ಕೆಳಗಡೆ ಇನ್ನೊಂದು ಮಾತು ಬರೀರಿ.”

“ಬರೀತೀನಿ. ಕೋಡೂ ಸೇರಿಸ್ಕೋತೀನಿ. ನಿಮ್ಮ ಫೋರ್ಕ್ ಮುಚ್ತೀರಾ? ಒಟ್ಟಿಗೆ ಮಾಡೋಣ.”

“ಒಂದು ವಾರ ಪರದೆ ಆಫ್ ಮಾಡಿ ಚುಕ್ಕಿ ಬಳಸಿ. ಆಮೇಲೆ ಹೇಳಿ, ನೋಡೋಣ.”

ನವೆಂಬರ್ 17, ಸೋಮವಾರ. 5.30

ಮುಚ್ಚಿದ ಚರ್ಚೆ ತೆರೆದು ಬರೆದೆ — ‘ಮೇಲಿನ ನನ್ನ ಮಾತು ತಪ್ಪು. ಇದು ಒಳ್ಳೆಯ ಕೋಡ್. ಒಂದು ತಿಂಗಳು ತಡವಾಗಿ ಸೇರಿಸುತ್ತಿದ್ದೇನೆ.’ ಎಲ್ಲರೂ ಓದಲಿ.

ಪರದೆ ಆಫ್. ಭೀಮೇಶ್ ಕೋಡಿನ ದನಿ ಮೆನು ಓದುತ್ತದೆ, ಸರಿ. ‘ಅಳಿಲು’ ಎಂದಿತು, ಒತ್ತಿದೆ, ಆಟ ಶುರು. ಸತ್ತೆ. ಸತ್ತೆ. ಸತ್ತೆ. ವಾಪಸ್ ಬರುವ ದಾರಿ ಗೊತ್ತಾಗದೆ ಕೊನೆಗೆ ಕಂಪ್ಯೂಟರನ್ನೇ ಆರಿಸಿದೆ. ನಾನೇ ಕಟ್ಟಿದ ಮನೆಯಲ್ಲಿ ನನಗೇ ಬಾಗಿಲು ಸಿಗಲಿಲ್ಲ!

ನವೆಂಬರ್ 20, ಗುರುವಾರ

ಹನ್ನೊಂದು ಬಗ್ ಸಿಕ್ಕವು. ಹನ್ನೊಂದು! ಪರದೆ ನೋಡಿಕೊಂಡು ಮೂರು ವರ್ಷದಲ್ಲಿ ಇಷ್ಟು ಸಿಕ್ಕಿರಲಿಲ್ಲ. ದಿನಾ ಆರಕ್ಕೆ ಭೀಮೇಶ್‌ಗೆ ಫೋನ್. ಜಗಳ ಆಡುತ್ತೇವೆ. ಮೆನುವಿನಲ್ಲಿ ‘ಉಳಿಸು’ ಸಾಕೋ ‘ಆಟ ಉಳಿಸು’ ಬೇಕೋ ಎಂದು ಇಪ್ಪತ್ತು ನಿಮಿಷ. ಭೀಮೇಶ್ ಗೆದ್ದರು. ಕಿವಿಗೆ ಪೂರ್ತಿ ಮಾತು ಬೇಕು ಎಂದರು. ನಿಜ.

ನವೆಂಬರ್ 23, ಭಾನುವಾರ. 6.10

ದಾಟಿದೆ! ಮೊದಲ ಹಂತ! ಬರೀ ಕಿವಿಯಲ್ಲಿ! ತಗ್ಗು ಸದ್ದು ಕೇಳಿತು, ಎಣಿಸದೆ ತಕ್ಷಣ ಜಿಗಿದೆ, ಗಟ್ಟಿ ಕೊಂಬೆ! ಎದ್ದು ಕುಣಿದೆ. ಶಶಿಧರ್ ಹಲ್ಲುಜ್ಜುತ್ತಿದ್ದವರು ಬ್ರಷ್ ಹಿಡಿದೇ ಬಂದು ನಿಂತರು. ಕಪ್ಪು ಪರದೆ, ಎದುರಿಗೆ ಕುಣಿಯುತ್ತಿರುವ ಹೆಂಡತಿ. ಏನೂ ಕೇಳದೆ ವಾಪಸ್ ಹೋದರು.

ಆ ಕೈತಪ್ಪನ್ನು ತಿದ್ದಿಲ್ಲ. ಕೋಡಿನಲ್ಲಿ ಅದಕ್ಕೊಂದು ಹೆಸರು ಕೊಟ್ಟೆ — ‘ಮುರಿಯುವ ಕೊಂಬೆಯ ದನಿ’. ಇನ್ನು ಅದು ತಪ್ಪಲ್ಲ, ನಿಯಮ.

ಭೀಮೇಶ್‌ಗೆ ಹೇಳಿದೆ. “ಈಗ ಮುಚ್ತೀನಿ ನನ್ನ ಫೋರ್ಕು. ಸಂಧ್ಯಕ್ಕ, ಎರಡನೇ ಹಂತ ಕಷ್ಟ ಇದೆ, ಹುಷಾರು.” ಮೇಡಂ ಹೋಗಿ ಅಕ್ಕ ಬಂತು.

ಡಿಸೆಂಬರ್ 7, ಭಾನುವಾರ. 6.20

ಇವತ್ತು 1.1. ಕರ್ತೃಗಳ ಪಟ್ಟಿಯಲ್ಲಿ ಯಾರ ಹೆಸರು ಮೊದಲು ಎಂದು ನಿನ್ನೆ ಎಳೆದಾಟ. ನನ್ನದು ಎಂದು ಅವರು, ಅವರದು ಎಂದು ನಾನು. ಅಕ್ಷರಮಾಲೆಯ ಪ್ರಕಾರ ಹಾಕೋಣ ಎಂದೆ, ಭೀಮೇಶ್ ಒಪ್ಪಿಬಿಟ್ಟರು. ‘ಸ’ಗಿಂತ ‘ಭ’ ಮೊದಲು ಎಂದು ಆಮೇಲೆ ಹೊಳೆದಿರಬೇಕು. ಹತ್ತು ಸಲ ಫೋನ್ ಮಾಡಿದರು, ನಾನು ಎತ್ತಲಿಲ್ಲ.

ಬಿಡುಗಡೆಯ ಗುಂಡಿ ಅವರೇ ಒತ್ತಬೇಕೆಂದು ಹಕ್ಕು ಕೊಟ್ಟಿದ್ದೆ. ಫೋನಿನಲ್ಲಿ ಕೀಬೋರ್ಡ್ ಸದ್ದು. ಆಮೇಲೆ ಮೈತ್ರಿ — “ಒತ್ತಿದ್ರು! ಒತ್ತಿದ್ರು ಅಕ್ಕ! ಕೈ ಬೆವರ್ತಿದೆ ಇವ್ರಿಗೆ!”

6.45

ಎಪ್ಪತ್ತು ಡೌನ್‌ಲೋಡ್! ಇಪ್ಪತ್ತೈದು ನಿಮಿಷದಲ್ಲಿ!

6.58

ಭೀಮೇಶ್ ಮತ್ತೆ ಫೋನ್. ಬಗ್. ಅದೂ ಮೊದಲನೇ ಸಾಲಿನಲ್ಲೇ. ‘ಚುಕ್ಕಿ ಒಂದು ಪಾಯಿಂಟ್ ಒಂದು’ ಎನ್ನಬೇಕಾದ ದನಿ ‘ಚುಕ್ಕಿ ಹನ್ನೊಂದು’ ಎನ್ನುತ್ತಿದೆಯಂತೆ! ಚುಕ್ಕೆಯನ್ನೇ ನುಂಗಿಬಿಟ್ಟಿದೆ. ಇಬ್ಬರೂ ನಕ್ಕು ನಕ್ಕು… “ಇರ್ಲಿ ಬಿಡಿ ಅಕ್ಕ, ಒಂದೇ ನೆಗೆತಕ್ಕೆ ಹನ್ನೊಂದಕ್ಕೆ ಹೋದ್ವಿ.”

ಇಲ್ಲ, ಇರಬಾರದು. ಹತ್ತು ನಿಮಿಷದ ಕೆಲಸ. ಪರದೆ ಆಫ್ ಮಾಡಿದೆ. ಬಾಣದ ಗುಂಡಿ ಒತ್ತಿದೆ. ಹೌದು ಮಾರಾಯ, ಹನ್ನೊಂದೇ ಅನ್ನುತ್ತಿದೆ! ಎಲ್ಲಿ ನುಂಗಿತು ಎಂದರೆ ಬಹುಶಃ — ಇರಲಿ, ಡೈರಿ ಆಮೇಲೆ. ಮೊದಲು ಕೋಡ್.