ಅಪ್ಪನ ಮುಂಗೈ ಮೇಲಿನ ಹಲ್ಲಿನ ಗುರುತು

ಪಿರಿಯಾಪಟ್ಟಣ
14-3-1938

ಪ್ರೀತಿಯ ತಮ್ಮ ದೇವರಾಜುವಿಗೆ ಅಕ್ಕ ಯಶೋದೆಯ ಆಶೀರ್ವಾದ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರಪಡಬೇಡ. "ಇಲ್ಲಿ ಎಲ್ಲರೂ ಕ್ಷೇಮ" ಎಂಬ ಸಾಲನ್ನು ಎರಡು ಸಲ ಬರೆದು ಎರಡು ಸಲವೂ ಕಾಗದ ಮಡಿಸಿಟ್ಟೆ. ಸುಳ್ಳೇನಲ್ಲ. ನಿನ್ನ ಭಾವ ಮೇಷ್ಟ್ರು ಚೆನ್ನಾಗಿದ್ದಾರೆ. ವಿಮಲೆಯ ಚುಚ್ಚಿದ ಕಿವಿ ಒಣಗಿದೆ. ಸಂಕ್ರಾಂತಿಗೆ ಚುಂಚನಕಟ್ಟೆಯಿಂದ ಬಂದ ಅಪ್ಪ ಇಲ್ಲಿಯೇ ಇದ್ದಾರೆ, ಅವರ ಕೆಮ್ಮೂ ಇಳಿದಿದೆ. ಕ್ಷೇಮವಿಲ್ಲದವಳು ನಾನೊಬ್ಬಳೇ. ಅದನ್ನು ಹೇಗೆ ಬರೆಯಬೇಕೋ ತಿಳಿಯಲಿಲ್ಲ. ಕಾಕನಕೋಟೆಯ ಕಾಡಿನಲ್ಲಿ ನಿನಗೆ ಜ್ವರ ಬಿಟ್ಟಿತೇ? ಕಷಾಯ ತಪ್ಪಿಸಬೇಡ.

ಕಿವಿ ಚುಚ್ಚುವ ದಿನ ಹತ್ತು ಗಂಟೆಯವರೆಗೆ ನಿನ್ನ ದಾರಿ ನೋಡಿದೆವು. ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಿಸಬೇಕೆಂದು ನನ್ನ ಹಟ. ನಿಮ್ಮ ಫಾರೆಸ್ಟ್ ಸಾಹೇಬರ ಕ್ಯಾಂಪು ಬಂದು ನಿನಗೆ ರಜ ಸಿಗಲಿಲ್ಲವೆಂದು ಆಮೇಲೆ ತಿಳಿಯಿತು. ಆಚಾರಿ ಅವಸರಪಡಿಸಿದ. ಆಗ ಅಪ್ಪ ಮೂಲೆಯಿಂದ ಎದ್ದು ಬಂದು ಮಣೆಯ ಮೇಲೆ ಕೂತರು.

"ತಾ ಇಲ್ಲಿ ಕೂಸ. ಮಾವ ಬರ್ನಿಲ್ಲ ಅಂದ್ರೆ ತಾತ ಸತ್ತೋಗವ್ನಾ?"

ಸೀಳಿದ ನನ್ನ ಎಡಗಿವಿಯ ಮೇಲೆ ಸೆರಗು ಎಳೆದುಕೊಂಡು ನಾನು ಪಕ್ಕದಲ್ಲಿ ನಿಂತೆ. ತಂತಿ ಕಂಡೊಡನೆ ವಿಮಲೆ ಕಿರುಚಿದಳು. ಅಪ್ಪ ತಮ್ಮ ಮುಂಗೈಯನ್ನು ಅವಳ ಬಾಯಿಗೆ ಕೊಟ್ಟರು. "ಕಚ್ಚವ್ವ. ನಿಂಗೆಷ್ಟು ನೋಯ್ತದೋ ಅಷ್ಟೂ ಕಚ್ಚು. ನಂದು ಮುದಿ ತೊಗ್ಲು" ಎಂದರು. ಆಚಾರಿಯನ್ನು, "ಮೆಲ್ಗೆ ಕಣಯ್ಯ, ಅದು ಕೂಸು, ಎತ್ತಲ್ಲ" ಎಂದು ಗದರಿದರು. ಅವಳು ರಕ್ತ ಬರುವಂತೆ ಕಚ್ಚಿದಳು. ಅಪ್ಪ ಕೈ ಎಳೆದುಕೊಳ್ಳಲಿಲ್ಲ.

ಆ ಕೈಯನ್ನು ನಾನು ಬಲ್ಲೆ, ದೇವರಾಜು. ನೀನೂ ಬಲ್ಲೆ.

ಈಗ ಅವರು ಆ ಗುರುತನ್ನು ಬಂದವರಿಗೆಲ್ಲ ತೋರಿಸುತ್ತಾರೆ. "ನಮ್ಮ ಕೂಸು ಆಕಿರೋ ಮುದ್ರೆ" ಎನ್ನುತ್ತಾರೆ. ಪಕ್ಕದ ಮನೆಯ ಸಣ್ಣತಾಯಮ್ಮ, "ಎಂಥಾ ಅಪ್ಪನ ಪಡ್ಕೊಂಡಿದ್ದೀಯೆ ಯಶೋದಮ್ಮ. ನಮ್ಮಪ್ಪ ಇಂಗಿದ್ದಿದ್ರೆ ನಾನು ಗಂಡನ ಮನೆಗೇ ಬತ್ತಿರ್ನಿಲ್ಲ" ಎಂದಳು. ನಾನು ನಕ್ಕು ಒಳಗೆ ಹೋದೆ.

ವಿಮಲೆ ಹುಟ್ಟಿದ ದಿನ ನಾನು ಮಾಡಿಕೊಂಡ ಆಣೆ ನಿನಗೊಬ್ಬನಿಗೇ ಗೊತ್ತು. ಐದು ವರ್ಷದಲ್ಲಿ ಒಮ್ಮೆಯೂ ಅವಳ ಮೇಲೆ ಕೈ ಎತ್ತಿಲ್ಲ. ಕೋಪ ಬಂದರೆ ಹಿತ್ತಲಿಗೆ ಹೋಗಿ, ಅದು ಇಳಿಯುವವರೆಗೆ ಬಾವಿಯಿಂದ ನೀರು ಸೇದುತ್ತೇನೆ. ಮೇಷ್ಟ್ರು ಶಾಲೆಯಿಂದ ಬಂದು, "ತೊಟ್ಟಿ ತುಂಬಿದೆ, ಇವತ್ತೇನು ಮಾಡಿದಳು?" ಎಂದು ಕೇಳುತ್ತಾರೆ. ಮೊನ್ನೆ ಅವಳು ಹಾಲಿನ ಚೊಂಬು ಉರುಳಿಸಿದಳು. ನಮ್ಮ ಕಾಲದಲ್ಲಿ ಚೆಲ್ಲಿದ ಹಾಲಿಗೆ ಏನು ಸಿಗುತ್ತಿತ್ತೆಂದು ನಿನ್ನ ಬೆನ್ನಿಗೆ ನೆನಪಿರಬೇಕು. ನಾನು ಆರು ಬಿಂದಿಗೆ ಸೇದಿ ಒಳಗೆ ಬಂದರೆ, ಅಪ್ಪ ಮೊಮ್ಮಗಳ ಜೊತೆ ನೆಲದಲ್ಲಿ ಕೂತು ಚೆಲ್ಲಿದ ಹಾಲಿನಲ್ಲಿ ಬೆರಳಾಡಿಸಿ ಆನೆ ಬರೆಯುತ್ತಿದ್ದರು. ಅವರಿಗೆ ಯಾವ ಬಾವಿಯೂ ಬೇಕಾಗಲಿಲ್ಲ.

ಮೇಷ್ಟ್ರು ತಂದುಕೊಡುವ ಬಂಗಾಳಿಯಿಂದ ಬಂದ ಕಾದಂಬರಿಗಳಲ್ಲಿ ಇಂಥ ಅಪ್ಪಂದಿರು ಕೊನೆಗೆ ಮಗಳ ಕೈ ಹಿಡಿದು ಅಳುತ್ತಾರೆ. ನಮ್ಮ ಅಪ್ಪ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಕೈ ತೊಳೆಯುತ್ತಾರೆ. ನನ್ನನ್ನು ಕರೆಯುವುದು ಇವತ್ತಿಗೂ "ಏಯ್" ಎಂದೇ. ಅವಳನ್ನು "ನಮ್ಮವ್ವ" ಎನ್ನುತ್ತಾರೆ.

ನನಗೆ ಹೊಟ್ಟೆಕಿಚ್ಚು. ಅದೂ ನಾನೇ ಹೆತ್ತ ಮಗುವಿನ ಮೇಲೆ. ಅವಳು ಅವರ ಹೆಗಲೇರಿ ಸಂತೆಗೆ ಹೊರಟಾಗ, ಒಮ್ಮೆ ಬಿದ್ದರೆ ಗೊತ್ತಾಗುತ್ತದೆ ಎಂದು ಮನಸ್ಸಿನಲ್ಲಿ ಬಂದುಹೋಯಿತು. ಆ ದಿನ ತೊಟ್ಟಿ ತುಂಬಿ ಹೊರಗೆ ಹರಿಯಿತು. ಇನ್ನು ಸ್ವಲ್ಪ ದಿನ ಹೀಗೇ ಇದ್ದರೆ ನನ್ನ ಆಣೆ ಉಳಿಯುವುದಿಲ್ಲ. ಯುಗಾದಿ ಕಳೆದ ಮೇಲೆ ಬಂದು ಅಪ್ಪನನ್ನು ನಿನ್ನ ಬಿಡಾರಕ್ಕೆ ಕರೆದುಕೊಂಡು ಹೋಗು. ಕಾರಣ ಕೇಳಿದರೆ ಗಾಳಿ ಬದಲಾವಣೆ ಎನ್ನು.

ನಿನ್ನ ಮೈ ಗಟ್ಟಿಯಾಗಲಿ, ಕಾಡಿನಲ್ಲಿ ನೀನಿಟ್ಟ ಹೆಜ್ಜೆ ಕ್ಷೇಮವಾಗಿ ಮನೆಗೆ ಮರಳಲಿ.

ನಿನ್ನ ಅಕ್ಕ,
ಯಶೋದ

ಮತ್ತೆ: ಮೇಲಿನದನ್ನು ಲಕೋಟೆಗೆ ಹಾಕಿ, ಈಗ ಹೊರಗೆ ತೆಗೆದಿದ್ದೇನೆ. ಸ್ವಲ್ಪ ಮುಂಚೆ ಜಗಲಿಯಲ್ಲಿ ವಿಮಲೆ ಕೇಳುತ್ತಿದ್ದಳು, "ತಾತ, ಅವ್ವನ ಕಿವಿ ಯಾಕೆ ಹರಿದದೆ?" ನಾನು ಬಾಗಿಲ ಹಿಂದೆ ನಿಂತುಬಿಟ್ಟೆ.

"ಹಸಿನ ಕೊಂಬಿಗೆ ಸಿಗಾಕಂಡು ಹರೀತು ಕಣವ್ವ. ಆಗ ನಿಮ್ಮವ್ವ ಇನ್ನೂ ಚಿಕ್ಕೋಳು. ರಕ್ತ ಅಂದ್ರೆ ರಕ್ತ. ಪಾಪ."

ಇಣುಕಿ ಅವರ ಮುಖ ನೋಡಿದೆ. ಸುಳ್ಳು ಹೇಳುವವರ ಮುಖವಲ್ಲ ಅದು.

ಕೊಂಬಿನ ಕಥೆ ನಾನು ಕಟ್ಟಿದ್ದು. ಹಸು ಪೈರಿಗೆ ನುಗ್ಗಿತೆಂದು ಅವರು ಓಲೆಯ ಸಮೇತ ನನ್ನ ಕಿವಿ ಹಿಡಿದು ಜಗ್ಗಿದ ದಿನ, ಕೇಳಿದವರಿಗೆಲ್ಲ ಹಾಗೆ ಹೇಳಿ ಅವರ ಮಾನ ಉಳಿಸಿದೆ. ನನಗಾಗ ಒಂಬತ್ತು ವರ್ಷ. ಅವರು ಈಗ ಅದನ್ನೇ ನಂಬಿದ್ದಾರೆ.

ಕಣಜದ ಹಿಂದೆ ಅಡಗಿ ಅದನ್ನು ನೋಡಿದವನು ನೀನೊಬ್ಬನೇ. ಅಪ್ಪನನ್ನು ಕರೆದುಕೊಂಡು ಹೋಗುವುದು ಬೇಡ. ಆದರೂ ನೀನು ಬಾ. ಅವರ ಎದುರಿಗೆ ಕೂತು, "ನಾನು ನೋಡಿದ್ದೆ" ಎಂದಷ್ಟೇ ಹೇಳು. ಜಗಳ ಬೇಡ. ವಿಮಲೆ ಮೇಷ್ಟ್ರ ಜೊತೆ ಶಾಲೆಗೆ ಹೋಗಿರುವಾಗ ಹೇಳು. ಅವಳ ತಾತ ಅವಳಿಗೆ ಹಾಗೆಯೇ ಇರಲಿ.