ಕಾಫಿ ಪಾತ್ರೆಯ ಪಕ್ಕದ ಹಾಳೆ

ನಾರ್ಬಿ, ಮಿನ್ನೆಸೋಟ
ಏಪ್ರಿಲ್ 14, ಸೋಮವಾರ

ನನ್ನ ಮುದ್ದು ಬ್ರಿಟಾ,

ಹೇಗಿದ್ದೀಯ ಮಗಳೇ? ಕೆಮ್ಮು ವಾಸಿಯಾಯಿತೇ? ಪರೀಕ್ಷೆಗೆ ಓದುತ್ತೇನೆಂದು ಬರೀ ಕಾಫಿಯಲ್ಲೇ ಹೊಟ್ಟೆ ತುಂಬಿಸಬೇಡ. ಹೋದ ಸಲ ಬಂದಾಗ ನಿನ್ನ ಕೆನ್ನೆ ನೋಡಿ ಸಂಕಟವಾಯಿತು. ಇಲ್ಲಿ ಕೆರೆಯ ಮಂಜುಗಡ್ಡೆ ದಡದ ಕಡೆಯಿಂದ ಬಿಡುತ್ತಿದೆ. ನನ್ನ ಮಂಡಿ ಎಂದಿನ ಹಾಗೇ ಇದೆ. ಹೇಗಿದ್ದೀರಿ ಎಂದು ತಾತನನ್ನು ಕೇಳಿದರೆ, "ಪರ್ವಾಗಿಲ್ಲ, ಇದಕ್ಕಿಂತ ಕೆಟ್ಟದಾಗಿರ್ಬೋದಿತ್ತು" ಎನ್ನುತ್ತಾರೆ. ಕಾಲು ಮುರಿದಾಗಲೂ ಅದೇ ಮಾತು, ನಿನ್ನ ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೂ ಅದೇ ಮಾತು. ಈ ಊರಿನವರಿಗೆ ಬೇರೆ ಉತ್ತರವೇ ಬರುವುದಿಲ್ಲ.

ಮೊದಲು ತಪ್ಪೊಪ್ಪಿಗೆ. ಆ ಹಾಳೆಯನ್ನು ಇಳಿಸಿಬಿಟ್ಟೆ, ಇನ್ನಾದರೂ ಬೈಯಬೇಡ. ನನಗೇನು ಗೊತ್ತು? ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲದಕ್ಕೂ ಗೋಡೆಗೆ ಒಂದು ಹಾಳೆ, ಹಾಳೆಗೆ ದಾರ ಕಟ್ಟಿದ ಒಂದು ಪೆನ್ನು. ಸಾವಿನ ಊಟಕ್ಕೆ ದೊಡ್ಡ ತಟ್ಟೆಯಲ್ಲಿ ಬೇಯಿಸಿದ ಹಾಟ್‌ಡಿಶ್ ತರುವವರು ಯಾರು, ಹಿಮ ಗೋರುವವರು ಯಾರು, ಎಲ್ಲವೂ ಹಾಗೇ ನಡೆಯುವುದು. ಅದೇ ಅಭ್ಯಾಸದಲ್ಲಿ ಕಾಫಿ ಪಾತ್ರೆಯ ಪಕ್ಕದಲ್ಲೇ, "ಮನಸ್ಸಿನ ಕಾಯಿಲೆಗೆ ಔಷಧಿ ಬರೆಯುವ ನರ್ಸ್ ನಮ್ಮ ಬ್ರಿಟಾ, ಸೆಪ್ಟೆಂಬರ್‌ನಿಂದ. ಬೇಕಾದವರು ಹೆಸರು, ಬಿಡುವಿನ ದಿನ ಬರೆಯಿರಿ" ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಮೂರು ಭಾನುವಾರ ಕಳೆದವು. ಒಬ್ಬರೂ ಬರೆಯಲಿಲ್ಲ. ಕಾಫಿ ಬಗ್ಗಿಸಿಕೊಳ್ಳಲು ಬಂದವರು ಆ ಗೋಡೆಯಲ್ಲಿ ಹಾವು ಕಂಡವರ ಹಾಗೆ ದೂರ ಸರಿಯುತ್ತಿದ್ದರು. ಎದುರು ಮನೆಯ ಲವಾನ್ ಬಂದು, "ಆರ್ಡಿಸ್, ನಿನಗೇನು ತಲೆ ಕೆಟ್ಟಿದ್ಯಾ? ಅದರ ಮೇಲೆ ಮೊದಲು ನಿನ್ನ ಹೆಸರೇ ಬರಿ" ಎಂದು ನಕ್ಕಳು. ನಾನು ಎರಡು ದಿನ ಅವಳನ್ನು ಮಾತನಾಡಿಸಲಿಲ್ಲ.

ಆಮೇಲೆ ನೀನು ಫೋನಿನಲ್ಲಿ, "ಅಯ್ಯೋ ಅಜ್ಜಿ, ಏನ್ ಮಾಡ್ಬಿಟ್ಟೆ! ಇದೆಲ್ಲ ಗುಟ್ಟಾಗಿರ್ಬೇಕು. ಅಲ್ದೆ ನಾನಿನ್ನೂ ಪದವೀನೇ ತಗೊಂಡಿಲ್ಲ" ಎಂದು ನಿನ್ನ ಯೋಜನೆಯನ್ನು ಹಂತಹಂತವಾಗಿ ಹೇಳಿದೆಯಲ್ಲ, ಆಗ ನನಗೆ ಬುದ್ಧಿ ಬಂತು. ಮೇ ತಿಂಗಳಲ್ಲಿ ಪದವಿ, ಬೇಸಿಗೆಯಲ್ಲಿ ಪರೀಕ್ಷೆ, ಆಮೇಲೆ ಪರವಾನಗಿ, ಅದಾದ ಮೇಲೂ ಅನುಭವಸ್ಥರ ಜೊತೆ ಎರಡು ಸಾವಿರ ಗಂಟೆ ಕೆಲಸ. ನೀನಿರುವ ಡುಲುತ್‌ನಲ್ಲಿ ಕಲಿಸಲು ಡಾಕ್ಟರ್ ಪೆಲ್ಟೊನೆನ್ ಇದ್ದಾರೆ. ಇಲ್ಲಿಯ ಚಿಕಿತ್ಸಾಲಯದಲ್ಲಿ ಒಂದು ಖಾಲಿ ಕೋಣೆ ಇದೆ, ಅಷ್ಟೇ. ಹನ್ನೊಂದು ವರ್ಷ ವಾರ್ಡಿನಲ್ಲಿ ದುಡಿದವಳು, "ನನಗಿನ್ನೂ ಗೊತ್ತಿಲ್ಲದ್ದು ತುಂಬ ಇದೆ ಅಜ್ಜಿ" ಎಂದೆ. ಅಂಥ ಮಾತು ಹೇಳಲು ಎಷ್ಟು ಕಲಿತಿರಬೇಕು! ಫೋನ್ ಇಟ್ಟ ಮೇಲೆ ಹೆಮ್ಮೆಯಿಂದ ಅತ್ತುಬಿಟ್ಟೆ, ನಿನ್ನಾಣೆ.

ನಿನ್ನ ಆಸ್ಪತ್ರೆಗೆ ಬಂದಿದ್ದ ಆ ಮಧ್ಯಾಹ್ನ ನೆನಪಿದೆಯೇ? ಊಟಕ್ಕೆ ಹೋಗೋಣವೆಂದು ನಾನು ಬಾಗಿಲಲ್ಲೇ ಕಾದಿದ್ದೆ. ಅಗಲ ಹೆಗಲಿನ ಒಬ್ಬ ಗಂಡಸು ಗೋಡೆಗೆ ಗುದ್ದುತ್ತ ಕೂಗಾಡುತ್ತಿದ್ದ, ನಾನು ಕೈಚೀಲ ಎದೆಗವಚಿಕೊಂಡಿದ್ದೆ. ನೀನು ಹೋಗಿ ಅವನಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತುಬಿಟ್ಟೆ. ಬಹಳ ಹೊತ್ತಾದ ಮೇಲೆ ಅವನೂ ಕುಳಿತ. ಆಗ, "ಸೇಬಿನ ರಸಾನಾ, ಕಿತ್ತಳೇದಾ?" ಎಂದು ಕೇಳಿದೆ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಅಡುಗೆ ಮಾಡಿದವಳು, ಹಟಮಾರಿಗಳನ್ನು ಕಂಡಿದ್ದೇನೆ. ಆದರೆ ನಿನ್ನಂಥ ತಾಳ್ಮೆ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ.

ನೀನು ಊರಿಗೇ ಬರಬೇಕೆಂದು ನಾನು ಇಷ್ಟು ಹಟ ಹಿಡಿದದ್ದು ಊರಿಗಾಗಿ ಅಲ್ಲ, ತಾತನಿಗಾಗಿ. ನಿನಗೆ ಎಂದೂ ಹೇಳದ ಮಾತೊಂದಿದೆ. ಹನ್ನೆರಡು ವರ್ಷದ ಹಿಂದೆ, ಮೀನು ಹಿಡಿಯಲು ಹೆಪ್ಪುಗಟ್ಟಿದ ಕೆರೆಯ ಮೇಲೆ ಟ್ರಕ್ ಇಳಿಸುವ ಮುಂಚೆ ನಿನ್ನ ಅಪ್ಪ ಕೇಳಿದ್ದು ತಾತನನ್ನೇ. "ಗಟ್ಟಿ ಇದೆ ಕರ್ಟಿಸ್, ಹೋಗು" ಎಂದವರು ಇವರೇ. ಮಂಜುಗಡ್ಡೆ ಒಡೆದು ಮಗ ಹೋದ. ಅಂದಿನಿಂದ ಅಡುಗೆಮನೆಯಲ್ಲಿ ಕುರ್ಚಿಯನ್ನು ತಿರುಗಿಸಿಕೊಂಡು ಕೆರೆಗೆ ಬೆನ್ನು ಹಾಕಿ ಕೂರುತ್ತಾರೆ. ನೀನು ಬಂದರೆ ಇದೇ ಮೇಜಿನ ಬಳಿ ಮೆಲ್ಲನೆ ಮಾತಿಗೆ ಎಳೆದು ಸರಿಮಾಡುತ್ತೀಯ ಎಂದುಕೊಂಡಿದ್ದೆ. ಫೋನಿನಲ್ಲಿ ತಾತನ ಮಾತೆತ್ತಿದ್ದಕ್ಕೆ ನೀನು, "ಮನೆಯವ್ರಿಗೆ ನಾನು ಚಿಕಿತ್ಸೆ ಕೊಡೋ ಹಾಗಿಲ್ಲ ಅಜ್ಜಿ. ನಾನವರ ಮೊಮ್ಮಗಳು, ಅಷ್ಟೇ ಆಗಿರ್ತೀನಿ" ಎಂದಾಗ ನನ್ನ ಜೀವವೇ ಹಾರಿದಂತಾಯಿತು. ಈಗ ಯೋಚಿಸಿದರೆ ನೀನು ಹೇಳಿದ್ದೇ ಸರಿ. ಡುಲುತ್‌ನಲ್ಲೇ ಇದ್ದು ಕಲಿ, ನಮಗಾಗಿ ಓಡಿಬರಬೇಡ.

ಹಾಳೆ ಕೀಳಲು ಹೋದಾಗ ಪಾಸ್ಟರ್ ಗ್ರೆಚೆನ್ ಒಂದು ಲಕೋಟೆ ಕೊಟ್ಟರು. ಜನ ಅವರ ಕೋಣೆಯ ಬಾಗಿಲ ಸಂದಿಯಲ್ಲಿ ಮಡಿಸಿ ತೂರಿದ ಚೀಟಿಗಳಂತೆ, ಎಲ್ಲವೂ ನಿನಗೇ! ಒಂದನ್ನೂ ಬಿಚ್ಚಿಲ್ಲ, ಗುಟ್ಟೆಂದರೆ ಗುಟ್ಟು. ಇದರೊಂದಿಗೇ ಕಳಿಸುತ್ತಿದ್ದೇನೆ. ಯಾರನ್ನು ಯಾರ ಬಳಿ ಕಳಿಸಬೇಕೆಂದು ನಿನಗೆ ಗೊತ್ತು.

ದೇವರು ನಿನ್ನ ಕಿವಿಗೂ ಕೈಗೂ ಬಲ ಕೊಡಲಿ. ಪದವಿಯ ದಿನ ಮುಂದಿನ ಸಾಲಿನಲ್ಲೇ ನಮಗೆ ಜಾಗ ಹಿಡಿದಿಡು.

ನಿನ್ನ ಪ್ರೀತಿಯ ಅಜ್ಜಿ,
ಆರ್ಡಿಸ್

ತಾ.ಕ.: ಲಕೋಟೆ ಅಂಟಿಸುತ್ತಿದ್ದಾಗ ತಾತ ಬಂದು ನಾಲ್ಕು ಮಡಿಕೆಯ ಒಂದು ಚೀಟಿ ಮುಂದಿಟ್ಟರು. "ಇದನ್ನೂ ಸೇರ್ಸು. ಗುರುವಾರ ಒಂದು ಬೇಡ, ಇಸ್ಪೀಟಿದೆ." "ಅವಳು ನಿಮ್ಮನ್ನ ನೋಡೋ ಹಾಗಿಲ್ಲ ಕಣ್ರೀ" ಎಂದೆ. "ಗೊತ್ತು. ನೋಡೋರು ಯಾರು ಅಂತ ಅವಳಿಗೆ ಗೊತ್ತಿರುತ್ತಲ್ಲ." ಚೀಟಿಯನ್ನು ಲಕೋಟೆಗೆ ಸೇರಿಸಿದೆ. ಹೇಗಿದ್ದೀರಿ ಎಂದು ಸುಮ್ಮನೆ ಕೇಳಿದೆ. "ಚೆನ್ನಾಗಿಲ್ಲ, ಆರ್ಡಿಸ್" ಎಂದರು. ಅಂಚೆ ಗಾಡಿ ಬಂತು. ಬೇಗ ಒಂದು ಹೆಸರು ಕಳಿಸು ಮಗಳೇ.