ಕಲಿಸುತ್ತಿದ್ದೇನೆ

ಮೂರನೇ ಮಹಡಿಯ ಮನೆಯಿಂದ,
ಮಾರ್ಚ್ ೧೪, ಭಾನುವಾರ

ನನ್ನ ಮುದ್ದು ಮಗಳೇ,

ನಿನ್ನ ಕತ್ತುನೋವು ಹೇಗಿದೆ? ದಿಂಬಿಲ್ಲದೆ ಮಲಗು ಎಂದಿದ್ದೆ. ಮಲಗಿರುವುದಿಲ್ಲ, ಗೊತ್ತು. ಅಳಿಯಂದಿರ ಕೆಮ್ಮು ಹೋಯಿತೇ? ಮೊಮ್ಮಗನ ಮುಂದಿನ ಹಲ್ಲು ಬಿತ್ತೆಂದು ಬರೆದಿದ್ದೀಯ. ಈಗ ಅವನು 'ಸ' ಅನ್ನಲು ಹೋಗಿ 'ಥ' ಅನ್ನುತ್ತಿರಬೇಕು. ತಿದ್ದಲು ಹೋಗಬೇಡ, ಹಲ್ಲು ಬಂದ ಮೇಲೆ ತಾನಾಗಿ ಸರಿಹೋಗುತ್ತದೆ. ನಾನು ಚೆನ್ನಾಗಿದ್ದೇನೆ. ಬಲಗೈ ಮಾತ್ರ ಇನ್ನೂ ಸೋಮಾರಿ, ಅದಕ್ಕೇ ಅಕ್ಷರವೆಲ್ಲ ಕಾಗೆಕಾಲು ಗುಬ್ಬಿಕಾಲು. ನನ್ನ ವಿದ್ಯಾರ್ಥಿಗಳು ಹೀಗೆ ಬರೆದಿದ್ದರೆ ಇನ್ನೊಮ್ಮೆ ಬರೆಸುತ್ತಿದ್ದೆ. ಯಾವುದಾದರೂ ಪದ ಕೈಕೊಟ್ಟರೆ ಎದ್ದುಹೋಗಿ ಟೀ ಮಾಡಿಕೊಂಡು ಬರುತ್ತೇನೆ, ಅಷ್ಟರಲ್ಲಿ ಅದು ಬಂದು ಕೂತಿರುತ್ತದೆ. ಈ ಪತ್ರಕ್ಕೆ ಬಹಳ ಟೀ ಖರ್ಚಾಗಿದೆ.

ನನಗೆಂದು ಕೋಣೆಗೆ ಬಣ್ಣ ಹೊಡೆಸಿದ್ದೀಯ, ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದೀಯ, ತಿಂಗಳ ಕೊನೆಗೆ ಅಳಿಯಂದಿರು ಕಾರು ತಂದು ಕರೆದುಕೊಂಡು ಹೋಗುತ್ತಾರೆ ಎಂದೂ ಬರೆದಿದ್ದೀಯ. ನಾನು ಬರುವುದಿಲ್ಲ, ಮಗಳೇ. ಸುತ್ತಿ ಬಳಸಿ ಹೇಳುವ ತ್ರಾಣ ಇಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಯಾಕೆ ಅನ್ನುವುದನ್ನು ಮುಂದೆ ಬರೆದಿದ್ದೇನೆ. ಸಿಟ್ಟು ಬಂದರೆ ಮಡಚಿಟ್ಟು ಆಮೇಲೆ ಓದು, ಆದರೆ ಪೂರ್ತಿ ಓದು.

ಲಕ್ವ ಹೊಡೆದ ಆ ವಾರ ನೀನು ಆಸ್ಪತ್ರೆಗೆ ಓಡಿಬಂದು ಹಾಸಿಗೆಯ ಪಕ್ಕ ನಿಂತಾಗ ನಾನು ನಿನ್ನನ್ನು "ಕುರ್ಚಿ" ಎಂದು ಕರೆದೆ. ಮುಖ ನಿನ್ನದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ನಿನ್ನ ಹೆಸರನ್ನೇ ಕರೆಯುತ್ತಿದ್ದೆ, ನಾಲಿಗೆಯ ಮೇಲೆ ಬಂದು ನಿಂತದ್ದು ಕುರ್ಚಿ. ನೀನು ಪಾಪ, ಒಂದು ಕುರ್ಚಿ ಎಳೆದುಕೊಂಡು ಕೂತೆ. ನಾನು ತಲೆಯಾಡಿಸಿ ಮತ್ತೆ "ಕುರ್ಚಿ, ಕುರ್ಚಿ" ಎಂದೆ. ಆಗ ನಿನಗೆ ಅರ್ಥವಾಯಿತು, ನೀನು ಹೊರಗಿನ ಮೊಗಸಾಲೆಗೆ ಹೋಗಿ ಅತ್ತೆ. ಬಾಯಿ ಮುಚ್ಚಿಕೊಂಡು ಅತ್ತರೂ ಕೇಳಿಸಿತು, ಕಿವಿಗೆ ಏನೂ ಆಗಿರಲಿಲ್ಲವಲ್ಲ. ಅಮ್ಮನ ಪಾಠ ಇಲ್ಲಿಗೆ ಮುಗಿಯಿತು ಎಂದು ನೀನು ತೀರ್ಮಾನಿಸಿದ್ದು ಅಲ್ಲೇ ಇರಬೇಕು. ಜೀವನವಿಡೀ ಭಾಷೆ ಕಲಿಸಿದವಳ ಬಾಯಲ್ಲಿ ಮಗಳು ಕುರ್ಚಿಯಾದರೆ ಇನ್ನೇನು ತಾನೇ ಅಂದುಕೊಳ್ಳುತ್ತೀಯ.

ರಜೆ ಮುಗಿದು ನೀನು ಹೊರಟ ಮರುದಿನವೇ ನಮ್ಮ ಲಾಂಡ್ರಿಯವಳು ಬಂದಳು. ನಿನಗೆ ನೆನಪಿದೆಯಲ್ಲ, ಕೆಲಸ ಹುಡುಕಿಕೊಂಡು ದೂರದಿಂದ ಬಂದವಳು, ಸಮುದಾಯ ಭವನದ ನನ್ನ ಸಂಜೆ ತರಗತಿಗೆ ಮೊದಲ ಸಲ ಬಂದಾಗ ಕೆನ್ನೆ ಬನ್ನಿನ ಹಾಗೆ ಊದಿಸಿಕೊಂಡು "ಟೀಚರ್, ನನ್ನ ಹಾಲು ನೋಯ್ತಿದೆ" ಎಂದವಳು. ಹಲ್ಲಿಗೂ ಹಾಲಿಗೂ ಇರುವ ವ್ಯತ್ಯಾಸ ಕಲಿಸುತ್ತಲೇ ಅವಳನ್ನು ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳು ಬಂದವಳೇ ನನ್ನ ಎದುರು ಕೂತು ಚಮಚ ಎತ್ತಿ ಹಿಡಿದು "ಇದೇನು?" ಎಂದಳು. ನಾನು ಬಾಯಿ ತೋರಿಸಿದೆ, ತಿನ್ನುವುದು ಎಂಬಂತೆ. "ಕೈಸನ್ನೆ ಬೇಡ ಟೀಚರ್, ಮಾತು ಬೇಕು" ಎಂದಳು. ನನ್ನದೇ ಮಾತು, ನನ್ನದೇ ಗದರಿಕೆಯ ರಾಗ! ಮೈಯೆಲ್ಲ ಉರಿದುಹೋಯಿತು. ಆ ಚಮಚ ಕಿತ್ತುಕೊಂಡು ಗೋಡೆಗೆ ಎಸೆದೆ. ಅವಳು ಹೋಗಿ ಎತ್ತಿಕೊಂಡು ಬಂದು, ಸೆರಗಿನಲ್ಲಿ ಒರೆಸಿ, ಮತ್ತೆ ಎತ್ತಿ ಹಿಡಿದಳು. "ಎಸೆದ್ರೂ ಚಮಚಾನೇ. ಹೇಳಿ, ಇದೇನು?"

ಹೀಗೆ ದಿನಾ ಬಂದಳು. ಅವಳಿಗೆ ಬಿಡುವಿಲ್ಲದ ದಿನ ಬಸ್ ಡ್ರೈವರ್ ಬರುತ್ತಿದ್ದ, ಅವನೂ ನನ್ನ ತರಗತಿಯವನೇ. ಅವನಿಗೆ ಇವತ್ತಿಗೂ ಹೆಂಗಸರು ಗಂಡಸರು ಎಂಬ ವ್ಯತ್ಯಾಸ ಇಲ್ಲ, "ನನ್ನ ಹೆಂಡತಿ ಬಂದ, ಊಟ ಮಾಡಿದ, ಮಲಗಿದ" ಅನ್ನುತ್ತಾನೆ. ಅವನು ನನಗೆ ಪಾಠ ಹೇಳುವಾಗ ನಗು ತಡೆಯಲಾಗದೆ ಒಂದು ದಿನ "ಬಂದಳು!" ಎಂದು ಕಿರುಚಿದೆ. ಕಾಯಿಲೆ ಬಿದ್ದ ಮೇಲೆ ಯಾರೂ ಹೇಳಿಕೊಡದೆ ನನ್ನ ಬಾಯಿಂದ ಹೊರಟ ಮೊದಲ ಸರಿಯಾದ ಮಾತು ಅದೇ, ಅದೂ ಇನ್ನೊಬ್ಬರ ತಪ್ಪು ತಿದ್ದಿದ್ದು. ಅವನು ಕುಣಿದುಬಿಟ್ಟ. ಕೆಳಗಿನ ಮನೆಯವರು ಮೇಲೆ ಬಂದು ಏನಾಯಿತೆಂದು ಕೇಳಿದರು. ನಿನಗೆ ಫೋನಿನಲ್ಲಿ ಇದನ್ನೆಲ್ಲ ಹೇಳಲು ಹೊರಟರೆ ಎರಡನೇ ವಾಕ್ಯಕ್ಕೇ ತೊದಲುತ್ತಿದ್ದೆ. ನೀನು "ಆಯ್ತಮ್ಮ, ಆಯಾಸ ಮಾಡ್ಕೋಬೇಡ" ಎಂದು ಇಟ್ಟುಬಿಡುತ್ತಿದ್ದೆ.

ಈಗ ಹೋದ ಭಾನುವಾರದ ವಿಷಯಕ್ಕೆ ಬರುತ್ತೇನೆ. ಸಮುದಾಯ ಭವನದ ಕಾರ್ಯದರ್ಶಿಗಳು ಮನೆಗೆ ಬಂದು, ಒಂದು ಸಣ್ಣ ಕಾರ್ಯಕ್ರಮ ಇದೆ, ಬಂದು ಕೂತರೆ ಸಾಕು ಎಂದರು. ಹೋದೆ. ನೋಡಿದರೆ ವೇದಿಕೆಯ ಮೇಲೆ ನನ್ನದೇ ಫೋಟೊ, ಬಾಗಿಲಷ್ಟು ದೊಡ್ಡದು. ಕೆಳಗೆ ದಪ್ಪಕ್ಷರದಲ್ಲಿ "ನಮ್ಮ ನೆಚ್ಚಿನ ಶಿಕ್ಷಕಿ: ಇಲ್ಲಿ ನಮ್ಮೆಲ್ಲರಿಗೂ ಭಾಷೆ ಕಲಿಸಿದ್ದರು." ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದರು. ಎಷ್ಟು ಜನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು, ಎಷ್ಟು ಜನರ ಅರ್ಜಿ ಬರೆದುಕೊಟ್ಟಿದ್ದರು, ಯಾರ ಮಕ್ಕಳನ್ನು ಶಾಲೆಗೆ ಸೇರಿಸಿದ್ದರು. ಎಲ್ಲವೂ ಇದ್ದರು, ಇದ್ದರು, ಇದ್ದರು. ಮುಂದಿನ ಸಾಲಿನಲ್ಲಿ ಕೂತು ನಾನು ನನ್ನದೇ ಸಂತಾಪ ಸಭೆ ಕೇಳಿಸಿಕೊಳ್ಳುತ್ತಿದ್ದೆ. ಕೊನೆಗೆ ಕಾರ್ಯದರ್ಶಿಗಳು, ಟೀಚರ್ ವಿಶ್ರಾಂತಿಗೆ ಮಗಳ ಮನೆಗೆ ಹೋಗುತ್ತಿರುವುದರಿಂದ ಭವನದ ಹಿಂಭಾಗದ ತರಗತಿ ಕೋಣೆಯನ್ನು ಟೇಬಲ್ ಟೆನಿಸ್‌ಗೆ ಕೊಡಲಾಗುವುದು ಎಂದು ಪ್ರಕಟಿಸಿದರು. ನಾನು ದಿಟ್ಟಿಸಿ ನೋಡಿದ್ದಕ್ಕೆ ವೇದಿಕೆಯಿಂದಲೇ ಬಗ್ಗಿ ಮೆಲ್ಲಗೆ, "ನಿಮ್ಮ ಮಗಳೇ ಫೋನ್ ಮಾಡಿ ಹೇಳಿದ್ರಲ್ಲ ಟೀಚರ್, ಗೌರವದಿಂದ ಬೀಳ್ಕೊಡಿ ಅಂತ" ಎಂದರು.

ಮಗಳೇ, ಆ ಕ್ಷಣ ನೀನು ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ನೀನಿರಲಿಲ್ಲ, ಮೈಕ್ ಇತ್ತು. ಕೋಲೂರಿಕೊಂಡು ಮೇಲೆ ಹೋದೆ. ಕಾರ್ಯದರ್ಶಿಗಳು ನನ್ನ ಕೈ ಹಿಡಿದು ಇಳಿಸಲು ನೋಡಿದರು, ಪಾಪ, ಧನ್ಯವಾದ ಹೇಳಲು ಹೋಗಿ ಅವಮಾನವಾಗದಿರಲಿ ಎಂದು. ಕೊಸರಿಕೊಂಡೆ. ಫೋಟೊದ ಕೆಳಗಿನ ಬರಹದ ಕಡೆ ಕೋಲು ತೋರಿಸಿ "ಕ್ರಿಯಾಪದ ತಪ್ಪು" ಎಂದೆ. ಸಭೆ ನಕ್ಕಿತು. "ಇದು ಭೂತಕಾಲ. ಇಲ್ಲಿ ಬೇಕಾದ್ದು..." ಎಂದು ನಿಂತೆ. ನಿಂತೇ ಬಿಟ್ಟೆ. ಮೂವತ್ತು ಮಂದಿಯ ಬಾಯಲ್ಲಿ ದಿನಾ ಹೇಳಿಸಿದ ಪದ ಎಲ್ಲೋ ಬಾಗಿಲ ಹಿಂದೆ ಅವಿತುಕೊಂಡಿತು. ನಗು ನಿಂತುಹೋಯಿತು. ಕೆಲವರು ತಲೆ ತಗ್ಗಿಸಿದರು. ಡ್ರೈವರ್ ಎದ್ದು ಹೇಳಿಕೊಡಲು ಬಾಯಿ ತೆರೆದ. ಲಾಂಡ್ರಿಯವಳು ಅವನ ಅಂಗಿ ಹಿಡಿದು ಕೂರಿಸಿ, "ಸುಮ್ನಿರು. ಅವರೇ ಹೇಳ್ತಾರೆ, ಕಾಯಿ" ಎಂದದ್ದು ನನಗೆ ವೇದಿಕೆಯ ಮೇಲೆ ಕೇಳಿಸಿತು. ಇಳಿದು ಹೋಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಇಳಿಯಲಿಲ್ಲ. ಮೈಕ್ ಗಟ್ಟಿಯಾಗಿ ಹಿಡಿದು ನಿಂತೆ. ಬಂತು ಕಣೇ. "ವರ್ತಮಾನ. ಕಲಿಸುತ್ತಿದ್ದೇನೆ. ನಾಳೆ ಸಂಜೆ ತರಗತಿ ಇದೆ, ಎಲ್ಲರೂ ಬನ್ನಿ" ಎಂದು ಹೇಳಿ ಇಳಿದೆ.

ಮರುದಿನ ಹೋದರೆ ಕೋಣೆಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಹಸಿರು ಟೇಬಲ್ ಆಗಲೇ ಬಂದು ನಿಂತಿದೆ. ವಾಪಸ್ ಹೋಗೋಣವೇ ಎಂದು ಯಾರೋ ಕೇಳಿದರು. ನಾನು ಭವನದ ಮುಂದಿನ ಮೆಟ್ಟಿಲ ಮೇಲೆ, ಬರುವವರಿಗೂ ಹೋಗುವವರಿಗೂ ಅಡ್ಡವಾಗುವಂತೆಯೇ ಕೂತೆ. ಎಲ್ಲರೂ ಕೂತರು. 'ಬರುತ್ತೇನೆ, ಬರುತ್ತೀಯ, ಬರುತ್ತಾಳೆ' ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿಸಿದೆ. ಹತ್ತುವವರು ನಮ್ಮನ್ನು ದಾಟಿಕೊಂಡು ಹೋಗಬೇಕಾಯಿತು, ಕೆಲವರು ದಾಟದೆ ಪಕ್ಕದಲ್ಲೇ ಕೂತರು. ಮೂರು ಸಂಜೆ ಹೀಗೆ ನಡೆಯಿತು. ಕಾರ್ಯದರ್ಶಿಗಳು ಬಂದು, ಜನ ಏನಂದುಕೊಳ್ಳುತ್ತಾರೆ ಎಂದು ಬೇಡಿಕೊಂಡರು. ಜನ ಏನಂದುಕೊಳ್ಳಬೇಕೋ ಅದನ್ನೇ ಅಂದುಕೊಳ್ಳಲಿ ಎಂದೆ. ನಾಲ್ಕನೇ ಸಂಜೆ ಅವರೇ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟು, ಟೇಬಲ್ ಮಾತ್ರ ಅಲ್ಲೇ ಇರಲಿ ಎಂದರು. ಇರಲಿ ಎಂದೆ. ಬಲೆಯ ಆ ಕಡೆ ಅರ್ಧ ಜನ, ಈ ಕಡೆ ಅರ್ಧ ಜನ ಕೂತು ಪ್ರಶ್ನೆ ಉತ್ತರ ಆಡುತ್ತೇವೆ. ಇಷ್ಟು ಒಳ್ಳೆಯ ಮೇಜು ನಮಗೆ ಯಾವತ್ತೂ ಇರಲಿಲ್ಲ.

ನೀನು ಯಾಕೆ ಫೋನ್ ಮಾಡಿದೆ ಎಂದು ನನಗೆ ಗೊತ್ತು. ನಾಲ್ಕು ಜನರ ಮುಂದೆ ಅಮ್ಮ ತಡವರಿಸಬಾರದು, ಯಾರೂ ಅಯ್ಯೋ ಅನ್ನಬಾರದು, ಅಷ್ಟೇ ತಾನೇ? ತಡವರಿಸುತ್ತೇನೆ, ಮಗಳೇ. ದಿನಾ ತಡವರಿಸುತ್ತೇನೆ. ತರಗತಿಗೆ ಬರುವವರೆಲ್ಲ ತಡವರಿಸುವವರೇ, ಅದಕ್ಕೆಂದೇ ಆ ಕೋಣೆ ಇರುವುದು. ನನ್ನನ್ನು ಊರಿನವರ ಜೊತೆ ಹಂಚಿಕೊಂಡು ಬೆಳೆದವಳು ನೀನು. ಈಗಲಾದರೂ ಅಮ್ಮ ಪೂರ್ತಿ ನನ್ನವಳಾಗಲಿ ಎಂದು ನಿನ್ನ ಮನಸ್ಸಿನ ಮೂಲೆಯಲ್ಲಿದ್ದರೆ ಅದು ತಪ್ಪಲ್ಲ. ಆದರೆ ಬಾಯಿ ಮುಚ್ಚಿ ಕಿಟಕಿಯ ಪಕ್ಕ ಕೂತ ಅಮ್ಮ ನಿನಗೆ ಸಿಕ್ಕಿದರೂ ನಾನು ಸಿಗುವುದಿಲ್ಲ. ನನಗೆಂದು ಬಣ್ಣ ಹೊಡೆಸಿದ ಕೋಣೆಯನ್ನು ಮೊಮ್ಮಗನಿಗೆ ಕೊಡು. ರಜೆಯಲ್ಲಿ ಬಂದರೆ ಅವನ ಜೊತೆ ಮಲಗುತ್ತೇನೆ, ಗೊರಕೆ ಹೊಡೆದರೆ ಒದೆಯಲು ಹೇಳಿರು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು, ಕಾರಿಗೆ ಪೆಟ್ರೋಲ್ ಹಾಕಿಸುವುದು ಬೇಡ ಎಂದೂ ತಿಳಿಸು. ಮೊಮ್ಮಗನ ಎರಡೂ ಕೆನ್ನೆಗೆ ಮುತ್ತು. ನಿನ್ನ ತಲೆ ಮೇಲೆ ನನ್ನ ಎರಡೂ ಕೈ ಇವೆ, ಸೋಮಾರಿ ಕೈಯೂ ಸೇರಿ.

ನಿನ್ನ ಮೊಂಡು
ಅಮ್ಮ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದೆ. ಇನ್ನೊಂದು ಸಲ ಲಕ್ವ ಬರಬಹುದು, ಅದು ಮೊದಲಿನದಕ್ಕಿಂತ ಜೋರಾಗಿರಬಹುದು ಎಂದು ಡಾಕ್ಟರು ಹೇಳಿದ್ದಾರೆ. ನಿನ್ನ ಮನೆಯಲ್ಲಿದ್ದರೂ ಬರಬಹುದೇ ಎಂದು ಕೇಳಿದೆ. ಎಲ್ಲಿದ್ದರೂ ಬರಬಹುದಂತೆ. ಅದನ್ನು ಕೇಳಿ ಹೊರಗೆ ಬಂದವಳು ನೇರ ಮೇಲಿನ ವಾರ್ಡಿಗೆ ಹೋದೆ. ಅಲ್ಲಿ ನನ್ನ ಹಾಗೆಯೇ ಮಾತು ಕಳೆದುಕೊಂಡ ಒಬ್ಬ ಬಡಗಿ ಮಲಗಿದ್ದಾರೆ. ಏನು ಕೇಳಿದರೂ "ಮಂಗಳವಾರ" ಅನ್ನುತ್ತಾರೆ, ಹೆಂಡತಿ ಬಾಗಿಲಾಚೆ ನಿಂತು ಅಳುತ್ತಾರೆ. ಬೆಳಗಿನ ಹೊತ್ತು ಅವರ ಹತ್ತಿರ ಕೂರಲು ಒಪ್ಪಿಕೊಂಡಿದ್ದೇನೆ, ನಾಳೆಯಿಂದ. ಆ ಹೊತ್ತಿಗೆ ಫೋನ್ ಮಾಡಿ ನಾನು ಎತ್ತದಿದ್ದರೆ ಗಾಬರಿಯಾಗಬೇಡ. ಕೆಲಸದಲ್ಲಿರುತ್ತೇನೆ.